ಸಂಸ್ಥಾಪಕರ ಕಥೆ ಮನೆಬಾಗಿಲಿಂದ ಶುರು ಮಾಡೋದು ಹೇಗೆ

ಹಬ್ಬದ ದಿನ ನಮ್ಮ ಸಭೆಯ, ಅಂದ್ರೆ ನಾವಿರೋ ಕಥೋಲಿಕ ಸನ್ಯಾಸ ಸಂಘದ, ಸಂಸ್ಥಾಪಕರ ಬಗ್ಗೆ ಹತ್ತು ನಿಮಿಷ ಮಾತಾಡಿ ಅಂತ ಯಾರಾದ್ರೂ ಹೇಳಿದ್ರೆ ನಾವು ಸಾಮಾನ್ಯವಾಗಿ ಏನ್ ಮಾಡ್ತೀವಿ ಅಂದ್ರೆ, ಇಂಥ ವರ್ಷ ಇಂಥ ಊರಲ್ಲಿ ಭಕ್ತಿವಂತ ತಂದೆತಾಯಿಗೆ ಹುಟ್ಟಿದ್ರು, ಚಿಕ್ಕಂದಿನಿಂದಲೂ ಪ್ರಾರ್ಥನೆ ಅಂದ್ರೆ ಬಹಳ ಇಷ್ಟ ಅಂತ ಎರಡು ಮಾತು ಹೇಳಿ ಮೂರನೇ ಮಾತಿಗೆ ಅವರನ್ನ ಪಾದ್ರಿಯಾಗೋಕೆ ಓದೋ ಗುರುಮಠಕ್ಕೋ ಸಿಸ್ಟರ್ ಆಗೋಕೆ ಕಾನ್ವೆಂಟಿಗೋ ಸೇರಿಸಿಬಿಡ್ತೀವಿ. ನಾನೂ ವರ್ಷಗಟ್ಟಲೆ ಹಾಗೇ ಬರ್ಕೊಂಡು ಹೋಗಿ ಓದಿದೀನಿ. ಒಂದ್ಸಲ ಸಿಸ್ಟರ್ ಆಗೋಕೆ ಮೊದಲ ತರಬೇತಿ ಕೊಡೋ ನೋವಿಶಿಯೇಟ್‌ನಲ್ಲಿದ್ದ ಒಂದು ಹುಡುಗಿ ಮೆಲ್ಲಗೆ ಕೇಳಿದ್ಳು, ನಮ್ಮ ಮನೇಲಿ ಹಾಗೇನೂ ಇರ್ಲಿಲ್ಲ, ಅಪ್ಪ ಅಮ್ಮ ದಿನಾ ಜಗಳ, ಹಾಗಾದ್ರೆ ನನಗೆ ದೇವಕರೆ ಬಂದಿದ್ದು ಹೇಗೆ ಅಂತ. ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಅಲ್ಲಿಂದ ನಾನು ಸಂತರ ಜೀವನಚರಿತ್ರೆ ಓದೋ ರೀತಿನೇ ಬದಲಾಯ್ತು, ಮೊದಲ ಅಧ್ಯಾಯನ ಓಡಿಸಿಬಿಡೋ ಅಭ್ಯಾಸ ಬಿಟ್ಟೆ. ಇಲ್ಲಿ ಬರೀತಿರೋದು ಆ ಅಧ್ಯಾಯನ ಹೇಗೆ ಓದ್ಬೇಕು, ಮನೆಗೂ ಆಮೇಲೆ ಅವರು ಕಟ್ಟಿದ ಸಭೆಗೂ ಇರೋ ನಂಟನ್ನ ಹೇಗೆ ಹುಡುಕ್ಬೇಕು, ಹುಡುಕಿದ್ಮೇಲೆ ಸುಳ್ಳು ಸೇರಿಸದೆ ಹೇಗೆ ಹೇಳ್ಬೇಕು ಅನ್ನೋದರ ಬಗ್ಗೆ.

ಮೊದಲನೇ ಕೆಲಸ, ನಿಮ್ಮ ನೋಟ್ಸಲ್ಲಿ 'ಭಕ್ತಿವಂತ' ಅನ್ನೋ ಪದ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಹೊಡೆದುಹಾಕಿ. ಅದು ಸುಳ್ಳು ಅಂತಲ್ಲ, ಅದರಿಂದ ಏನೂ ಗೊತ್ತಾಗಲ್ಲ ಅಂತ. ಆ ಜಾಗದಲ್ಲಿ ಆ ಮನೆಯವರು ಏನು ಮಾಡಿದ್ರು ಅಂತ ಬರೀರಿ. ಬರೆಯೋಕೆ ಏನೂ ಸಿಗ್ಲಿಲ್ಲ ಅಂದ್ರೆ ಖಾಲಿ ಬಿಡಿ.

ಆಮೇಲೆ ಒಂದು ದೊಡ್ಡ ಹಾಳೆ ತಗೊಳ್ಳಿ. ಎಡಗಡೆ ವರ್ಷ, ಅದರ ಪಕ್ಕ ಮಗುವಿನ ವಯಸ್ಸು, ಅದರ ಪಕ್ಕ ಮನೇಲಿ ಯಾರ್ಯಾರು ಇದ್ದಾರೆ, ಯಾರು ತೀರ್ಕೊಂಡ್ರು, ದುಡಿಯೋರು ಯಾರು, ಮನೆಯ ಮಾತು ನಡೆಸೋರು ಯಾರು. ಇಷ್ಟೇ. ಸಾಮಾನ್ಯ ಕೆಲಸ ಅನ್ಸುತ್ತೆ, ಆದ್ರೆ ಮಾಡಿದ್ಮೇಲೆ ಕಥೆನೇ ಬೇರೆ ಥರ ಕಾಣುತ್ತೆ. ಸಲೇಸಿಯನ್ ಸಭೆ ಕಟ್ಟಿದ ಪಾದ್ರಿ ಡಾನ್ ಬಾಸ್ಕೋ ಅವರನ್ನೇ ತಗೊಳ್ಳಿ. ಹುಟ್ಟಿದ್ದು 1815ರ ಆಗಸ್ಟ್ 16, ಇಟಲಿಯ ಪಿಯೆಮೊಂತೆ ಸೀಮೆಯ ಬೆಕ್ಕಿ ಅನ್ನೋ ಸಣ್ಣ ಹಳ್ಳಿಲಿ. 1817ರ ಮೇ ತಿಂಗಳಲ್ಲಿ ಅಪ್ಪ ಫ್ರಾನ್ಚೆಸ್ಕೊ ನ್ಯುಮೋನಿಯಾದಿಂದ ತೀರ್ಕೊಂಡ್ರು, ಮಗುಗೆ ಆಗ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಮನೇಲಿ ಉಳಿದವರು ಅಮ್ಮ ಮಾರ್ಗರಿತಾ, ಅಜ್ಜಿ, ಅಣ್ಣ ಜುಸೆಪ್ಪೆ, ಮತ್ತೆ ಅಪ್ಪನ ಮೊದಲನೇ ಹೆಂಡತಿಯ ಮಗ ಅಂತೋನಿಯೊ. ಹೊರಗೆ ಬರಗಾಲ. ಅಮ್ಮನಿಗೆ ಮರುಮದುವೆಯ ಸಂಬಂಧ ಬಂದಿತ್ತು, ಮಕ್ಕಳನ್ನ ಬೇರೆಯವರ ಕೈಗೆ ಬಿಡ್ಬೇಕಾಗುತ್ತೆ ಅಂತ ಆಕೆ ಒಪ್ಪಲಿಲ್ಲ. ಈಗ ಹಾಳೆ ನೋಡಿ. ಅಪ್ಪನಿಲ್ಲದ ಹುಡುಗ, ಓದೋಕೆ ಬಿಡದ ದೊಡ್ಡಣ್ಣ, ಮಧ್ಯದಲ್ಲಿ ಎರಡು ಕಡೆನೂ ಸಂಭಾಳಿಸೋ ಅಮ್ಮ. ಮುಂದೆ ಟ್ಯೂರಿನ್ ನಗರದ ಬೀದಿಲಿ ಅಪ್ಪ ಅಮ್ಮ ಇಲ್ಲದ ಹುಡುಗರನ್ನ ಕಂಡಾಗ ಈ ಮನುಷ್ಯನ ಮನಸ್ಸಲ್ಲಿ ಏನು ಎದ್ದು ಬಂದಿರಬೇಕು ಅಂತ ಆಗ ನಿಮಗೇ ಹೊಳೆಯುತ್ತೆ, ಯಾರೂ ವಿವರಿಸ್ಬೇಕಾಗಿಲ್ಲ.

ವಯಸ್ಸಿನ ಕಾಲಂ ಬಿಡ್ಬೇಡಿ, ಯಾಕಂದ್ರೆ ಸಂತರೂ ತಮ್ಮ ಬಾಲ್ಯನ ತಪ್ಪಾಗಿ ನೆನಪಿಟ್ಕೊಂಡಿರ್ತಾರೆ. ಸ್ಪೇನಿನ ಸಂತೆ ಆವಿಲಾದ ತೆರೇಸಾ ತಮ್ಮ ಅಮ್ಮ ತೀರ್ಕೊಂಡಾಗ ತನಗೆ ಹನ್ನೆರಡಕ್ಕೆ ಸ್ವಲ್ಪ ಕಮ್ಮಿ ಅಂತ ಬರೀತಾರೆ. ಆದ್ರೆ ಅವರು ಹುಟ್ಟಿದ್ದು 1515ರ ಮಾರ್ಚ್, ಅಮ್ಮ ಬೆಯಾತ್ರಿಸ್ ಉಯಿಲು ಬರೆಸಿದ್ದು 1528ರ ನವೆಂಬರ್, ಅಂದ್ರೆ ಹುಡುಗಿಗೆ ಹದಿಮೂರು ದಾಟಿತ್ತು. ಇದು ತಪ್ಪು ಹಿಡಿಯೋಕಲ್ಲ. ನೆನಪಲ್ಲಿ ತಾನು ಇನ್ನೂ ಚಿಕ್ಕವಳಾಗೇ ಉಳಿದುಬಿಟ್ಟಿದ್ದಾಳೆ ಅನ್ನೋದೇ ಆ ನೋವು ಎಷ್ಟು ಆಳಕ್ಕೆ ಹೋಗಿತ್ತು ಅಂತ ನನಗೆ ತೋರಿಸುತ್ತೆ. ಅಮ್ಮ ಹೋದ್ಮೇಲೆ ಅಳ್ತಾ ಮಾತೆ ಮರಿಯಮ್ಮನವರ ಪ್ರತಿಮೆ ಮುಂದೆ ಹೋಗಿ ಇನ್ಮೇಲೆ ನೀನೇ ನನ್ನ ಅಮ್ಮ ಅಂತ ಬೇಡ್ಕೊಂಡ್ಳು ಅನ್ನೋದೂ ಅವರೇ ಬರೆದಿರೋದು.

ಇಲ್ಲಿಂದ ಎರಡನೇ ಪ್ರಶ್ನೆ ಬರುತ್ತೆ, ಈ ಕಥೆ ಯಾರು ಹೇಳ್ತಿದ್ದಾರೆ, ಯಾವ ವಯಸ್ಸಲ್ಲಿ, ಯಾರಿಗೋಸ್ಕರ. ಡಾನ್ ಬಾಸ್ಕೋ ತಮ್ಮ ನೆನಪುಗಳನ್ನ ಬರೆಯೋಕೆ ಕೂತಿದ್ದು 1873ರಲ್ಲಿ, ಪೋಪ್ 9ನೇ ಪಯಸ್ ಅವರ ಒತ್ತಾಯಕ್ಕೆ, ತಮ್ಮ ಸಭೆಯವರಿಗೋಸ್ಕರ. ಆಗ ಅವರಿಗೆ ಸುಮಾರು 58. ಅಂದ್ರೆ ಬಾಲ್ಯನ ಒಬ್ಬ ಸಂಸ್ಥಾಪಕ ಹಿಂತಿರುಗಿ ನೋಡ್ತಿದಾರೆ, ನನ್ನ ಮಕ್ಕಳಿಗೆ ಇದರಿಂದ ಏನು ಸಿಗ್ಬೇಕು ಅಂತ ಆಯ್ಕೆ ಮಾಡಿ ಹೇಳ್ತಿದಾರೆ. ಇನ್ನು ಎಣ್ಣೆ ಜಾಡಿ ಒಡೆದ ಪುಟ್ಟ ಹುಡುಗ ತಾನೇ ಒಂದು ಬೆತ್ತ ಕೆತ್ತಿ ಚೆಂದ ಮಾಡ್ಕೊಂಡು ಅಮ್ಮನ ಕೈಗೆ ಕೊಟ್ಟ ಕಥೆ ಇದೆಯಲ್ಲ, ಅದು ಆಮೇಲೆ ಬಂದ ಜೀವನಚರಿತ್ರೆಯಲ್ಲಿ ಬರೋದು. ಎರಡನ್ನೂ ಹೇಳಿ, ಆದ್ರೆ ಎರಡರ ತೂಕ ಒಂದೇ ಅಂತ ಮಾತ್ರ ತೋರಿಸ್ಬೇಡಿ. ಅವರೇ ಹೇಳಿದ್ದು ಅಂದ್ರೆ 'ಅವರೇ ಬರೀತಾರೆ' ಅನ್ನಿ, ಬೇರೆಯವರದ್ದಾದ್ರೆ 'ಹೀಗೆ ಹೇಳ್ತಾರೆ' ಅನ್ನಿ, ಅಷ್ಟು ಸಾಕು. ಮೌನವನ್ನೂ ಗಮನಿಸಿ. ಯೇಸುಸಭೆ (ಜೆಸ್ವಿಟ್ ಸಭೆ) ಕಟ್ಟಿದ ಲೊಯೋಲಾದ ಇಗ್ನೇಷಿಯಸ್ ಸಾಯೋಕೆ ಮುಂಚೆ ತಮ್ಮ ಬದುಕನ್ನ ಹೇಳಿ ಬರೆಸಿದ್ರು, 1553ರಿಂದ 1555ರ ನಡುವೆ, ಆದ್ರೆ ಬಾಲ್ಯ ಪೂರ್ತಿ ಬಿಟ್ಟು 26ನೇ ವಯಸ್ಸಿಂದ ಶುರು ಮಾಡ್ತಾರೆ. ಹುಟ್ಟಿದ ಸ್ವಲ್ಪ ಕಾಲಕ್ಕೆ ಅಮ್ಮನ್ನ ಕಳ್ಕೊಂಡು, ಕಮ್ಮಾರನ ಹೆಂಡತಿ ಹತ್ರ ಬೆಳೆದ ಮಗು ಅವರು. ಆ ಮೌನಕ್ಕೆ ನಾವು ಕಾರಣ ಕಟ್ಟೋದು ಬೇಡ, ಆದ್ರೆ ಅಲ್ಲಿ ಮೌನ ಇದೆ ಅಂತ ಹೇಳಲೇಬೇಕು.

ಈಗ ನನಗೆ ಅತ್ಯಂತ ಇಷ್ಟವಾದ ಭಾಗ, ಮನೆಯ ಅಭ್ಯಾಸ ಹುಡುಕೋದು. ಜಪಸರ ಹೇಳ್ತಿದ್ರು, ಚರ್ಚಿನ ಬಲಿಪೂಜೆಗೆ (ಮಾಸ್‌ಗೆ) ಹೋಗ್ತಿದ್ರು ಅನ್ನೋದು ಆ ಕಾಲದ ಸಾವಿರಾರು ಕಥೋಲಿಕ ಮನೆಗಳಲ್ಲಿ ಇತ್ತು, ಆ ಎಲ್ಲಾ ಮನೆಯಿಂದ ಸಂಸ್ಥಾಪಕರು ಬರ್ಲಿಲ್ಲ. ಹಾಗಾಗಿ ಕೇಳ್ಬೇಕಾದ್ದು ಬೇರೆ. ಬಾಗಿಲಿಗೆ ಬಂದವರನ್ನ ಈ ಮನೆ ಏನು ಮಾಡ್ತಿತ್ತು? ದುಡ್ಡು ಕಮ್ಮಿಯಾದಾಗ ಏನು ಮಾಡ್ತು? ತಪ್ಪು ಮಾಡಿದ ಮಗುನ ಹೇಗೆ ನೋಡ್ಕೊಳ್ತು? ಸಾವು ಬಂದಾಗ? ಈ ನಾಲ್ಕು ಕೇಳಿ ನೋಡಿ, ಪ್ರತಿ ಮನೆಯೂ ತನ್ನ ಮುಖ ತೋರಿಸುತ್ತೆ.

ಮದರ್ ತೆರೇಸಾ ಅವರ ಮನೆ ಈಗಿನ ಉತ್ತರ ಮ್ಯಾಸಿಡೋನಿಯಾದ ಸ್ಕೋಪ್ಯೆಯಲ್ಲಿ. ಅಪ್ಪ ನಿಕೊಲ ವ್ಯಾಪಾರಸ್ಥರು, ಅನುಕೂಲವಾಗೇ ಇದ್ದ ಮನೆ. 1919ರಲ್ಲಿ ಇದ್ದಕ್ಕಿದ್ದ ಹಾಗೆ ಅವರು ತೀರ್ಕೊಂಡ್ರು, ಮಗಳಿಗೆ ಆಗ ಎಂಟು ಒಂಬತ್ತು ವಯಸ್ಸು. ಅಮ್ಮ ದ್ರಾನಾ ಹೊಲಿಗೆ ಕಸೂತಿ ಮಾಡಿ ಮೂರು ಮಕ್ಕಳನ್ನ ಸಾಕಿದ್ರು. ಗಮನಿಸ್ಬೇಕಾದ್ದು ಏನಂದ್ರೆ, ಶ್ರೀಮಂತಿಕೆ ಹೋದ್ಮೇಲೂ ಊಟದ ಮೇಜಿಗೆ ಬಡವರು ಬರೋದು ನಿಲ್ಲಲಿಲ್ಲ, ಮಕ್ಕಳು ಯಾರಿವರು ಅಂತ ಕೇಳಿದ್ರೆ ಅಮ್ಮ ನಮ್ಮವರೇ ಅಂತ ಹೇಳ್ತಿದ್ರಂತೆ. ಇದ್ದಾಗ ಕೊಡೋದು ಒಂದು, ಇಲ್ಲದಿದ್ದಾಗಲೂ ಮೇಜಿನಲ್ಲಿ ಜಾಗ ಮಾಡೋದು ಇನ್ನೊಂದು. ಆ ಮಗು ನೋಡಿದ್ದು ಎರಡನೇದನ್ನ. 1950ರ ಅಕ್ಟೋಬರ್ 7ರಂದು ಕೋಲ್ಕತ್ತದಲ್ಲಿ ಅವರ ಸಭೆಗೆ ಮಾನ್ಯತೆ ಸಿಕ್ತು, ಆ ಸಭೆಯ ನಾಲ್ಕನೇ ವ್ರತನೇ ಕಡುಬಡವರಿಗೆ ಮನಸಾರೆ ಉಚಿತ ಸೇವೆ. ಇದರ ಪಕ್ಕಕ್ಕೆ ಇನ್ನೊಬ್ಬ ಸಂಸ್ಥಾಪಕಿ, ಅಮೆರಿಕದ ಕ್ಯಾಥರೀನ್ ಡ್ರೆಕ್ಸೆಲ್ ಅವರ ಮನೆ ಇಡಿ. ಫಿಲಡೆಲ್ಫಿಯಾದ ದೊಡ್ಡ ಬ್ಯಾಂಕರ್ ಮನೆ, ಹೆತ್ತಮ್ಮ ಹೆರಿಗೆಯಾಗಿ ಐದು ವಾರಕ್ಕೆ ತೀರ್ಕೊಂಡ್ರು, ಬೆಳೆಸಿದ್ದು ಮಲತಾಯಿ ಎಮ್ಮಾ. ಆಕೆ ವಾರಕ್ಕೆ ಕೆಲವು ದಿನ ಮನೆ ಬಾಗಿಲು ತೆರೆದು ಬಡವರಿಗೆ ಬಟ್ಟೆ, ಊಟ, ಬಾಡಿಗೆ ದುಡ್ಡು ಕೊಡ್ತಿದ್ರು, ಹೆಣ್ಣುಮಕ್ಕಳನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು. ಒಂದು ಮನೇಲಿ ಹೆಚ್ಚಿತ್ತು, ಇನ್ನೊಂದರಲ್ಲಿ ಇರಲಿಲ್ಲ, ಆದ್ರೆ ಎರಡರಲ್ಲೂ ಮಕ್ಕಳು ಕಣ್ಣಾರೆ ನೋಡ್ತಿದ್ರು. ಮಲತಾಯಿ ಅನ್ನೋ ಪದಕ್ಕೆ ಕಥೆಗಳಲ್ಲಿ ಅಂಟಿರೋ ಕೆಟ್ಟ ಹೆಸರು ನೆನೆಸ್ಕೊಂಡ್ರೆ ಎಮ್ಮಾ ಅವರ ಬಗ್ಗೆ ನಾವು ಇನ್ನೂ ಜಾಸ್ತಿ ಮಾತಾಡ್ಬೇಕು ಅನ್ಸುತ್ತೆ ನನಗೆ.

ಅಭ್ಯಾಸ ಹುಡುಕಿದ್ಮೇಲೆ ಕೊರತೆ ಹುಡುಕಿ. ಇಲ್ಲೇ ನಾವು ಹೆಚ್ಚು ಹಿಂಜರಿಯೋದು, ಸಂತರ ಮನೆಯ ಮರ್ಯಾದೆ ಹೋಗುತ್ತೇನೋ ಅಂತ. ಕೇರಳದ ಪುತ್ತನ್‌ಚಿರದ ಮರಿಯಂ ತ್ರೇಸಿಯಾ, ಹುಟ್ಟಿದ್ದು 1876ರಲ್ಲಿ. ಒಂದು ಕಾಲಕ್ಕೆ ಆಸ್ತಿವಂತ ಮನೆ, ಅಜ್ಜ ತನ್ನ ಏಳು ಹೆಣ್ಣುಮಕ್ಕಳ ಮದುವೆಗೆ, ವರದಕ್ಷಿಣೆಗೆ ಅಂತ ಜಮೀನು ಮಾರ್ತಾ ಮಾರ್ತಾ ಮನೆ ಬಡತನಕ್ಕೆ ಬಿತ್ತು, ಆ ಬೇಜಾರು ಮರೆಯೋಕೆ ಅಪ್ಪ ಮತ್ತು ಅಣ್ಣ ಕುಡಿತಕ್ಕೆ ಬಿದ್ರು. ಅಮ್ಮ ತಾಂಡಾ 1888ರಲ್ಲಿ ತೀರ್ಕೊಂಡಾಗ ಹುಡುಗಿಗೆ ಸುಮಾರು ಹನ್ನೆರಡು, ಸ್ಕೂಲಿಗೂ ಅಲ್ಲಿಗೇ ಮುಕ್ತಾಯ. ಆಕೆ ಮುಂದೆ ಏನು ಮಾಡಿದ್ರು? ಮೂವರು ಗೆಳತಿಯರ ಜೊತೆ ಸೇರ್ಕೊಂಡು, ಗಂಡಸರ ಜೊತೆ ಇಲ್ಲದೆ ಹೆಂಗಸರು ಹೊರಗೆ ಹೋಗೋದನ್ನೇ ತಪ್ಪು ಅಂತಿದ್ದ ಕಾಲದಲ್ಲಿ, ಕಷ್ಟದಲ್ಲಿರೋ ಮನೆಮನೆಗೆ ಹೋಗಿ ಸಿಡುಬು ಬಂದವರನ್ನ, ಕುಷ್ಠ ಬಂದವರನ್ನ ನೋಡ್ಕೊಂಡ್ರು. 1914ರ ಮೇ 14ರಂದು ಕಟ್ಟಿದ ಸಭೆಗೆ ಇಟ್ಟ ಹೆಸರೇ ಪವಿತ್ರ ಕುಟುಂಬ. ತನ್ನ ಮನೆಯಲ್ಲಿ ಯಾವುದು ಮುರಿದಿತ್ತೋ ಅದನ್ನ ಬೇರೆಯವರ ಮನೆಯಲ್ಲಿ ಕೂಡಿಸೋಕೆ ಹೊರಟ ಹೆಣ್ಣುಮಗಳು ಅಂತ ನಾನು ಓದ್ಕೊಳ್ತೀನಿ. 2019ರಲ್ಲಿ ಅವರನ್ನ ಸಂತರು ಅಂತ ಘೋಷಿಸಿದಾಗ ನನಗೆ ಮೊದಲು ನೆನಪಾಗಿದ್ದು ನೋವಿಶಿಯೇಟ್‌ನ ಆ ಹುಡುಗಿನೇ.

ಫ್ರಾನ್ಸಿನ ಲೂಯಿಸ್ ದ ಮರಿಯಾಕ್ ಅವರದ್ದೂ ಇದೇ ಸಾಲಿಗೆ ಸೇರುತ್ತೆ. 1591ರಲ್ಲಿ ಮದುವೆಯ ಹೊರಗೆ ಹುಟ್ಟಿದ ಮಗು, ಅಮ್ಮ ಯಾರು ಅಂತ ಯಾವ ದಾಖಲೆಯೂ ಹೇಳಲ್ಲ. 1633ರಲ್ಲಿ ವಿನ್ಸೆಂಟ್ ದ ಪಾಲ್ ಜೊತೆ ಸೇರಿ ಸೇವಾ ಸಹೋದರಿಯರ ಸಭೆ ಶುರು ಮಾಡಿದ್ರು, ಕೆಲವೇ ವರ್ಷದಲ್ಲಿ ಆ ಸಿಸ್ಟರ್‌ಗಳು ಪ್ಯಾರಿಸ್‌ನಲ್ಲಿ ಜನ ಬಿಟ್ಟುಹೋದ ಕೂಸುಗಳನ್ನ ಎತ್ಕೊಂಡು ಬಂದು ಸಾಕೋಕೆ ನಿಂತ್ರು. ಆಸ್ಟ್ರೇಲಿಯಾದ ಮೇರಿ ಮೆಕಿಲಪ್, ಎಂಟು ಮಕ್ಕಳಲ್ಲಿ ಹಿರಿಯವಳು, ಅಪ್ಪನ ಕೈಗೆ ಯಾವ ಕೆಲಸವೂ ಹತ್ತದೆ ಸಂಸಾರ ನೆಂಟರ ಮನೆಗಳಲ್ಲಿ ಅಲೆದಾಡ್ತು, ಹದಿಹರೆಯದಲ್ಲೇ ದುಡಿದು ಮನೆ ನೋಡ್ಕೊಂಡವರು. 1866ರಲ್ಲಿ ಪೆನೋಲಾದಲ್ಲಿ ಶುರುವಾದ ಅವರ ಸಭೆಯ ಸಿಸ್ಟರ್‌ಗಳು ದೊಡ್ಡ ಮಠ ಕಟ್ಕೊಂಡು ಕೂರಲಿಲ್ಲ, ಇಬ್ಬಿಬ್ಬರು ಮೂವರು ಮೂವರಾಗಿ ದೂರದ ಹಳ್ಳಿಗಳಲ್ಲಿ, ಬಡವರ ಮಧ್ಯೆ ಅವರಂಥದ್ದೇ ಮನೆಗಳಲ್ಲಿ ಇದ್ಕೊಂಡು ಮಕ್ಕಳಿಗೆ ಕಲಿಸಿದ್ರು.

ಒಂದು ಎಚ್ಚರಿಕೆ ಇಲ್ಲೇ ಹೇಳ್ಬಿಡ್ತೀನಿ. ನೋವು ಇತ್ತು, ಅದಕ್ಕೇ ಸಭೆ ಹುಟ್ತು ಅಂತ ನೇರ ಗೆರೆ ಎಳೀಬೇಡಿ, ಯಾಕಂದ್ರೆ ಅದೇ ನೋವು ಎಷ್ಟೋ ಜನರನ್ನ ಕಹಿ ಮಾಡಿದೆ. ಇದನ್ನ ಪರೀಕ್ಷೆ ಮಾಡೋಕೆ ಸುಲಭದ ದಾರಿ ಒಡಹುಟ್ಟಿದವರನ್ನ ನೋಡೋದು. ಅದೇ ಮಾರ್ಗರಿತಾ ಬೆಳೆಸಿದ ಜುಸೆಪ್ಪೆ ಒಳ್ಳೆ ರೈತನಾಗಿ ಉಳಿದ್ರು, ಅಂತೋನಿಯೊನೂ ಹೊಲದಲ್ಲೇ ಉಳಿದ್ರು. ದ್ರಾನಾ ಅವರ ಮಗ ಲಾಜರ್ ಅಲ್ಬೇನಿಯಾದ ಸೈನ್ಯ ಸೇರಿದ್ರು. ಒಂದೇ ಮೇಜು, ಒಂದೇ ಪ್ರಾರ್ಥನೆ, ದಾರಿ ಬೇರೆ ಬೇರೆ. ಹಾಗಾದ್ರೆ ಮಧ್ಯೆ ಇನ್ನೇನು ಬಂತು ಅಂತ ಹುಡುಕ್ಬೇಕು. ಡಾನ್ ಬಾಸ್ಕೋಗೆ 1829ರ ನವೆಂಬರಿನಲ್ಲಿ ಸಿಕ್ಕ ಮುದುಕ ಪಾದ್ರಿ ಕಲೊಸ್ಸೊ, ಕೇಳಿದ ಪ್ರಸಂಗನ ಹುಡುಗ ಪೂರ್ತಿ ಒಪ್ಪಿಸಿದ್ದನ್ನ ಕಂಡು ಲ್ಯಾಟಿನ್ ಕಲಿಸೋಕೆ ಮುಂದೆ ಬಂದವರು, ಒಂದೇ ವರ್ಷದಲ್ಲಿ ತೀರ್ಕೊಂಡ್ರು. ಹುಡುಗ ಎರಡನೇ ಸಲ ಅಪ್ಪನ್ನ ಕಳ್ಕೊಂಡ ಹಾಗೆ ಅತ್ತ. ಸ್ಕೋಪ್ಯೆಯ ಹುಡುಗಿಗೆ ಬಂಗಾಳದ ಮಿಷನ್ ಬಗ್ಗೆ ಆಸೆ ಹುಟ್ಟಿಸಿದ್ದು ಚರ್ಚಿನ ಯೇಸುಸಭೆಯ ಪಾದ್ರಿ. ಮನೆ ನೆಲ ಹದ ಮಾಡುತ್ತೆ, ಬೀಜ ಬೇರೆ ಕೈಯಿಂದಲೂ ಬೀಳಬಹುದು, ಕರೆಯೋದು ದೇವರು. ಈ ಮೂರನ್ನ ಬೇರೆ ಬೇರೆ ಬಣ್ಣದ ಪೆನ್ನಲ್ಲಿ ಬರ್ಕೊಂಡ್ರೆ ಒಂದರ ಪಾಲನ್ನ ಇನ್ನೊಂದಕ್ಕೆ ಕೊಡೋ ತಪ್ಪಾಗಲ್ಲ.

ಇನ್ನು ಜಗಳ. ಮನೆಯವರ ಜೊತೆ ಸಂಸ್ಥಾಪಕರಿಗೆ ಆದ ಜಗಳಗಳನ್ನ ಬಿಡಲೇಬೇಡಿ. ಆಸಿಸಿಯ ಫ್ರಾನ್ಸಿಸ್ ಅವರದ್ದು ಎಲ್ಲರಿಗೂ ಗೊತ್ತು, ಬಟ್ಟೆ ವ್ಯಾಪಾರಿ ಅಪ್ಪ ಪಿಯೆತ್ರೊ ಮಗನನ್ನ ಕೂಡಿಹಾಕಿದ್ರು, ಅಪ್ಪ ಊರಲ್ಲಿ ಇಲ್ಲದಾಗ ಬಿಡಿಸಿದ್ದು ಅಮ್ಮ, ಕೊನೆಗೆ ಬಿಷಪರ ಮುಂದೆ ಮೈಮೇಲಿನ ಬಟ್ಟೆನೂ ಬಿಚ್ಚಿ ಅಪ್ಪನಿಗೆ ಕೊಟ್ಟುಬಿಟ್ರು. ನಾವು ಮಗನನ್ನ ಹೊಗಳಿ ಮುಂದೆ ಹೋಗ್ತೀವಿ, ಬಾಗಿಲು ತೆರೆದ ಅಮ್ಮನ ಬಗ್ಗೆ ಯೋಚನೆ ಮಾಡಲ್ಲ. ರ‍್ಯಾನ್ಸ್ ಪಟ್ಟಣದ ಜಾನ್ ಬ್ಯಾಪ್ಟಿಸ್ಟ್ ದ ಲಾಸಾಲ್ ಅವರದ್ದು ಅಷ್ಟು ಪ್ರಸಿದ್ಧ ಅಲ್ಲ. 1671ರಲ್ಲಿ ಅಮ್ಮ, 1672ರಲ್ಲಿ ಅಪ್ಪ, ಹಿರಿಮಗ ಇಪ್ಪತ್ತೊಂದು ತುಂಬೋ ಹೊತ್ತಿಗೆ ತಮ್ಮ ತಂಗಿಯರ ಪಾಲಕ. ಲೆಕ್ಕ ಇಡೋದು, ಮಕ್ಕಳ ಓದು ನೋಡೋದು, ಒಂದು ಮನೆನ ಕ್ರಮದಲ್ಲಿ ನಡೆಸೋದು ಆಗ ಕಲಿತಿದ್ದು. 1681ರಲ್ಲಿ ಬಡ ಶಾಲಾ ಮೇಷ್ಟ್ರುಗಳನ್ನ ತನ್ನ ಮನೆಗೇ ಕರ್ಕೊಂಡು ಬಂದು ಇಟ್ಕೊಂಡಾಗ ನೆಂಟರು ಸಿಟ್ಟಾದ್ರು, ತಮ್ಮಂದಿರನ್ನ ಮನೆಯಿಂದ ಕರ್ಕೊಂಡೂ ಹೋದ್ರು. ಕುಟುಂಬ ಕಲಿಸಿದ ಕೆಲಸನೇ ಕುಟುಂಬದಿಂದ ಅವರನ್ನ ದೂರ ಮಾಡ್ತು. ವಿನ್ಸೆಂಟ್ ದ ಪಾಲ್ ಅವರದ್ದು ಇನ್ನೂ ಒಳಗಿನ ಜಗಳ. ಗಸ್ಕನಿ ಕಡೆಯ ರೈತರ ಮಗ, ಹುಡುಗನಾಗಿ ಶಾಲೇಲಿದ್ದಾಗ ಕುಂಟ್ತಾ, ಹಳೇ ಬಟ್ಟೇಲಿ ಬಂದ ಅಪ್ಪನ್ನ ನೋಡೋಕೆ ನಾಚಿಕೆ ಆಗಿ ಹೊರಗೆ ಹೋಗಲಿಲ್ಲ. ಇದನ್ನ ವಯಸ್ಸಾದ್ಮೇಲೆ ಅವರೇ ಬಾಯಿಬಿಟ್ಟು ಒಪ್ಕೊಂಡಿದಾರೆ. ಬಡವರ ಮುಂದೆ ಜೀವನವಿಡೀ ತಲೆಬಾಗಿ ನಿಂತ ಮನುಷ್ಯನ ಹಿಂದೆ ಆ ಒಂದು ದಿನ ಇದೆ ಅಂತ ಓದಿದಾಗ ನನ್ನ ಕಣ್ಣು ತುಂಬಿತ್ತು.

ಇಷ್ಟಾದ್ಮೇಲೆ ಎರಡನೇ ಹಾಳೆ ತಗೊಂಡು ಸಭೆಯ ಹಳೇ ನಿಯಮಾವಳಿ, ಸಂಸ್ಥಾಪಕರ ಪತ್ರಗಳು, ಮೊದಲ ವರ್ಷಗಳ ಕೆಲಸ, ಇವನ್ನ ಓದ್ತಾ ಹೋಗಿ, ಮನೆಯ ಹಾಳೆ ಪಕ್ಕದಲ್ಲಿರಲಿ. ದೊಡ್ಡ ದೊಡ್ಡ ಆದರ್ಶದ ಮಾತಿಗಿಂತ ಚಿಕ್ಕ ಚಿಕ್ಕ ನಿಯಮಗಳನ್ನ ನೋಡಿ, ಮನೆಯ ಗುರುತು ಅಲ್ಲೇ ಜಾಸ್ತಿ. ಆವಿಲಾದ ತೆರೇಸಾ 1562ರಲ್ಲಿ ಸಂತ ಜೋಸೆಫರ ಹೆಸರಿನ ಮಠ ಕಟ್ಟಿದಾಗ ಅಲ್ಲಿ ಯಾರನ್ನೂ 'ದೊನ್ಯಾ' ಅಂತ ದೊಡ್ಡ ಮನೆತನದ ಬಿರುದಿನಿಂದ ಕರೆಯೋ ಹಾಗಿಲ್ಲ, ಕುಲದ ಮಾತು ಎತ್ತೋ ಹಾಗಿಲ್ಲ, ಎಲ್ಲರೂ ಸಮ ಅಂತ ಮಾಡಿದ್ರು. ಈಗ ಮನೆಯ ಹಾಳೆ ನೋಡಿ. ಅವರ ತಾತ, ತೊಲೆದೊ ಪಟ್ಟಣದ ಬಟ್ಟೆ ವ್ಯಾಪಾರಿ, ಯೆಹೂದ್ಯ ಮೂಲದಿಂದ ಕ್ರೈಸ್ತರಾದವರು, 1485ರಲ್ಲಿ ನಂಬಿಕೆ ತಪ್ಪಿದವರನ್ನ ವಿಚಾರಿಸ್ತಿದ್ದ ಧರ್ಮಸಭೆಯ ವಿಚಾರಣಾ ಮಂಡಳಿ (ಇನ್‌ಕ್ವಿಸಿಷನ್) ಮುಂದೆ ನಿಂತು ಊರೆಲ್ಲ ನೋಡೋ ಹಾಗೆ ಪ್ರಾಯಶ್ಚಿತ್ತದ ಮೆರವಣಿಗೆ ಮಾಡಿದವರು. ರಕ್ತ ಶುದ್ಧವೋ ಅಂತ ಕೇಳ್ತಿದ್ದ ಸಮಾಜದಲ್ಲಿ ಆ ಮನೆ ಏನನ್ನ ಬಚ್ಚಿಟ್ಕೊಂಡು ಬದುಕ್ತು ಅಂತ ಗೊತ್ತಾದ್ರೆ ಆ ನಿಯಮದ ಒಂದೊಂದು ಅಕ್ಷರವೂ ಭಾರ ಆಗುತ್ತೆ.

ಕೇರಳದ ಸಂತ ಚಾವರ ಅವರದ್ದು ಇನ್ನೊಂದು ರೀತಿ. 1805ರಲ್ಲಿ ಕೈನಕರಿಯಲ್ಲಿ ಹುಟ್ಟಿ, ಗುರುಮಠದಲ್ಲಿ ಓದ್ತಿರುವಾಗಲೇ ಸಾಂಕ್ರಾಮಿಕ ರೋಗದಲ್ಲಿ ಅಪ್ಪ ಅಮ್ಮ ಅಣ್ಣ ಮೂವರನ್ನೂ ಕಳ್ಕೊಂಡ್ರು. ಮನೆಗೆ ವಾಪಸ್ ಬಾ ಅನ್ನೋ ನೆಂಟರ ಒತ್ತಾಯ ಇತ್ತು, ಮನೆಯ ಜವಾಬ್ದಾರಿನ ಅಕ್ಕನ ಸಂಸಾರಕ್ಕೆ ಒಪ್ಪಿಸಿ ಓದು ಮುಂದುವರಿಸಿದ್ರು. 1831ರಲ್ಲಿ ಮಾನ್ನಾನಂನಲ್ಲಿ ಸಭೆ ಶುರು. ಚಿಕ್ಕಂದಿನಲ್ಲಿ ಅಮ್ಮನ ಪಕ್ಕ ಕೂತು ಪ್ರಾರ್ಥನೆ ಕಲಿತಿದ್ದನ್ನ ಆಮೇಲೆ ಪದ್ಯದಲ್ಲೇ ಬರ್ಕೊಂಡಿದಾರೆ. 1868ರಲ್ಲಿ, ತೀರ್ಕೊಳ್ಳೋಕೆ ಮೂರು ವರ್ಷ ಮುಂಚೆ, ತಮ್ಮ ಹುಟ್ಟೂರಿನ ಕುಟುಂಬಗಳಿಗೆ ಅಂತ ಮನೆ ನಡೆಸೋದು ಹೇಗೆ, ಮಕ್ಕಳನ್ನ ಬೆಳೆಸೋದು ಹೇಗೆ ಅಂತ ಒಂದು ಉದ್ದದ ಪತ್ರ ಬರೆದ್ರು. ಸಾಲ ಮಾಡ್ಬೇಡಿ, ಕೆಲಸದವರ ಕೂಲಿ ಉಳಿಸ್ಕೊಳ್ಬೇಡಿ, ಮಕ್ಕಳ ಮೇಲೆ ಕಣ್ಣಿರಲಿ, ಹೀಗೆ ಮನೆಯ ಒಳಗಿನ ಮಾತೇ ಎಲ್ಲ. ತನ್ನ ಮನೆ ಖಾಲಿಯಾದವರು ಊರಿನ ಮನೆಗಳಿಗೆ ಬರೆದ ಪತ್ರ ಅದು.

ಹೇಳೋ ವಿಷಯಕ್ಕೆ ಬಂದ್ರೆ, ಸಿಕ್ಕಿದ್ದನ್ನೆಲ್ಲ ಹೇಳೋಕೆ ಹೋಗ್ಬೇಡಿ, ಒಂದು ಮನೆ, ಒಂದು ದೃಶ್ಯ, ಒಂದು ನಿಯಮ, ಅಷ್ಟು ಸಾಕು. ಡಾನ್ ಬಾಸ್ಕೋ ಒಂಬತ್ತನೇ ವಯಸ್ಸಲ್ಲಿ ಕಂಡ ಕನಸು ಹೇಳ್ತೀರಾದ್ರೆ ಕನಸಿಗಿಂತ ಬೆಳಗ್ಗೆ ಮನೆಯವರು ಆಡಿದ ಮಾತು ಹೇಳಿ. ಕುರಿ ಕಾಯ್ತೀಯ ಅಂದ ಜುಸೆಪ್ಪೆ, ಕಳ್ಳರ ನಾಯಕ ಆಗ್ತೀಯ ಅಂದ ಅಂತೋನಿಯೊ, ಯಾರಿಗ್ಗೊತ್ತು ಪಾದ್ರಿ ಆಗ್ತಾನೇನೋ ಅಂದ ಅಮ್ಮ, ಕನಸನ್ನೆಲ್ಲ ನಂಬಬಾರದು ಅಂದ ಅಜ್ಜಿ. ಇಡೀ ಕುಟುಂಬ ಒಂದೇ ಕಡೆ ಸಿಗುತ್ತೆ. ಕೇಳ್ತಿರೋರು ನೋವಿಸ್‌ಗಳಾದ್ರೆ ಮೊದಲು ಅವರ ಮನೆಯ ಹಾಳೆನೂ ಬರೆಯೋಕೆ ಹೇಳಿ, ಯಾರಿಗೂ ತೋರಿಸ್ಬೇಕಾಗಿಲ್ಲ ಅಂತ ಸ್ಪಷ್ಟವಾಗಿ ಹೇಳ್ಬಿಟ್ಟು.

ನಾನು ಈಗ ಡಾನ್ ಬಾಸ್ಕೋ ಬಗ್ಗೆ ಹೇಳ್ಬೇಕಾದಾಗ ಶುರು ಮಾಡೋದು 1846ರ ನವೆಂಬರ್ 3ರಿಂದ. 58 ವರ್ಷದ ಮಾರ್ಗರಿತಾ ಒಂದು ಬುಟ್ಟಿ ಹಿಡ್ಕೊಂಡು ಮಗನ ಜೊತೆ ಬೆಕ್ಕಿಯಿಂದ ಟ್ಯೂರಿನ್‌ಗೆ ನಡ್ಕೊಂಡು ಬಂದ್ರು. ಮದುವೆ ಸೀರೆಯಂಥ ತನ್ನ ಮದುವೆ ಬಟ್ಟೆ ಬಿಚ್ಚಿ ಪೂಜಾ ವಸ್ತ್ರ ಹೊಲಿಸಿದ್ರು, ಸರ ಮಾರಿದ್ರು. ಕೆಲವು ವರ್ಷ ಆದ್ಮೇಲೆ ಒಂದಿನ ಹುಡುಗರು ಆಟ ಆಡ್ತಾ ಆಕೆ ಬೆಳೆಸಿದ ತರಕಾರಿ ತೋಟ ಪೂರ್ತಿ ತುಳಿದುಹಾಕಿದ್ರಂತೆ, ಆಕೆ ಸಾಕಾಯ್ತಪ್ಪಾ ನಾನು ಊರಿಗೆ ಹೋಗ್ತೀನಿ ಅಂದ್ರಂತೆ, ಮಗ ಏನೂ ಮಾತಾಡದೆ ಗೋಡೆ ಮೇಲಿದ್ದ ಶಿಲುಬೆ ಕಡೆ ಕೈ ತೋರಿಸಿದ್ರಂತೆ. ಆಕೆ ಹೋಗಲಿಲ್ಲ, 1856ರಲ್ಲಿ ಅಲ್ಲೇ ತೀರ್ಕೊಂಡ್ರು. ಅದಾಗಿ ಮೂರು ವರ್ಷಕ್ಕೆ ಸಲೇಸಿಯನ್ ಸಭೆ ಹುಟ್ತು. ಇಷ್ಟು ಹೇಳಿ, ಹುಡುಗರನ್ನ ಹೊಡೆದಲ್ಲ, ತಿಳಿಹೇಳಿ, ದೇವರ ಭಯ ಇಟ್ಟು, ಪ್ರೀತಿಯಿಂದ ಬೆಳೆಸ್ಬೇಕು ಅನ್ನೋ ಅವರ ಪದ್ಧತಿಯ ಆ ಒಂದು ಸಾಲು ಓದಿ, ಮೈಕ್ ಮುಂದಿನವರ ಕೈಗೆ ಕೊಡ್ತೀನಿ.